ಮನೆಗೊಂದು ಪುಟ್ಟ ಕಂಪ್ಯೂಟರ್: ಕೊಳ್ಳುವ ಮುನ್ನ ತಿಳಿಯಬೇಕಾದದ್ದು

ಬೆಳೆಗಾರ ಬಂಧುಗಳಲ್ಲಿ ಮೊಬೈಲ್ ಫೋನ್ ಇಲ್ಲದ ಮನೆ ಇಂದು ಅಪರೂಪ. ಆದರೆ ಮಕ್ಕಳು ಕುಳಿತು ಕಲಿಯುವಂಥ ಕಂಪ್ಯೂಟರ್ ಇರುವ ಮನೆಗಳು ಕಡಿಮೆ. ಇವೆರಡೂ ಒಂದೇ ಅಲ್ಲವೇ ಎಂದು ಕೇಳುವವರುಂಟು. ಫೋನಿನಲ್ಲಿ ಮಕ್ಕಳು ಹೆಚ್ಚಾಗಿ ಬೇರೆಯವರು ಮಾಡಿಟ್ಟದ್ದನ್ನು ನೋಡುತ್ತಾರೆ. ಕೀಲಿಮಣೆಯುಳ್ಳ ಕಂಪ್ಯೂಟರಿನಲ್ಲಿ ತಾವೇ ಬರೆಯುತ್ತಾರೆ, ಲೆಕ್ಕ ಮಾಡುತ್ತಾರೆ, ಯಂತ್ರಕ್ಕೆ ಆದೇಶ ಬರೆದು ಕೆಲಸ ಮಾಡಿಸುವುದನ್ನು ಕಲಿಯುತ್ತಾರೆ.

2020 ಮತ್ತು 2021ರಲ್ಲಿ ಕೋವಿಡ್ ಕಾರಣದಿಂದ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಅಪ್ಪನ ಫೋನ್ ಹಿಡಿದು ಗುಡ್ಡದ ಮೇಲೆ ಸಿಗ್ನಲ್ ಹುಡುಕಿದ್ದನ್ನು ನಾವೆಲ್ಲ ಬಲ್ಲೆವು. ಪೇಟೆಯ ಮಕ್ಕಳಿಗೂ ತೋಟದ ಮನೆಯ ಮಕ್ಕಳಿಗೂ ಇರುವ ಅಂತರ ಆಗ ಎದ್ದು ಕಂಡಿತು. ಕಡಿಮೆ ಬೆಲೆಯ ಪುಟ್ಟ ಕಂಪ್ಯೂಟರುಗಳು ಈ ಅಂತರವನ್ನು ಸ್ವಲ್ಪಮಟ್ಟಿಗೆ ತುಂಬಬಲ್ಲವು. ಆದರೆ ಅವುಗಳ ಗುಣದೋಷ ತಿಳಿದು ಕೊಳ್ಳುವುದು ಮೇಲು.

ಈ ಯಂತ್ರ ಎಂಥದು?

ಇವುಗಳಲ್ಲಿ ಹೆಚ್ಚು ಪ್ರಚಾರದಲ್ಲಿರುವುದು ‘ರಾಸ್ಪ್‌ಬೆರಿ ಪೈ’. ಗಾತ್ರದಲ್ಲಿ ಹೆಚ್ಚುಕಡಿಮೆ ಎ.ಟಿ.ಎಂ. ಕಾರ್ಡಿನಷ್ಟೇ ಇರುವ ಒಂದು ಹಲಗೆ. ತೂಕ 50 ಗ್ರಾಂ ಆಸುಪಾಸು. ಕಂಪ್ಯೂಟರಿನ ಮಿದುಳು, ನೆನಪು, ತಂತಿ ಜೋಡಿಸುವ ಕಿಂಡಿಗಳು ಎಲ್ಲವೂ ಆ ಒಂದೇ ಹಲಗೆಯ ಮೇಲಿವೆ. ಪರದೆ, ಕೀಲಿಮಣೆ, ಮೌಸ್ ಅದರೊಂದಿಗೆ ಬರುವುದಿಲ್ಲ. ಎಚ್.ಡಿ.ಎಂ.ಐ. ಕಿಂಡಿ ಇರುವ ಮನೆಯ ಟಿ.ವಿ.ಯನ್ನೇ ಪರದೆಯಾಗಿ ಬಳಸಬಹುದು. ಕಡತಗಳನ್ನು ಫೋನಿಗೆ ಹಾಕುವಂಥ ಮೆಮೊರಿ ಕಾರ್ಡಿನಲ್ಲಿ ಇಡಲಾಗುತ್ತದೆ. ನಡೆಸಲು ಬೇಕಾದ ಲಿನಕ್ಸ್ ತಂತ್ರಾಂಶ ಉಚಿತ. ಇದರಲ್ಲಿ ಕನ್ನಡ ಓದಬಹುದು, ಬೆರಳಚ್ಚು ಮಾಡಬಹುದು. ಕೀಲಿಮಣೆಯ ಒಳಗೇ ಕಂಪ್ಯೂಟರ್ ಅಡಗಿರುವ ‘ಪೈ 400’ ಎಂಬ ಮಾದರಿಯೂ 2020ರಲ್ಲಿ ಬಂದಿತು.

ಹುಟ್ಟಿದ್ದು ಹೇಗೆ?

ಬ್ರಿಟನ್ನಿನ ಕೇಂಬ್ರಿಜ್ ವಿಶ್ವವಿದ್ಯಾಲಯಕ್ಕೆ ಕಂಪ್ಯೂಟರ್ ವಿಜ್ಞಾನ ಓದಲು ಬರುವ ವಿದ್ಯಾರ್ಥಿಗಳ ಸಂಖ್ಯೆ ಇಳಿಯುತ್ತಿರುವುದನ್ನೂ, ಬಂದವರಿಗೆ ಯಂತ್ರದೊಡನೆ ಹಿಂದಿನವರಷ್ಟು ಒಡನಾಟವಿಲ್ಲದಿರುವುದನ್ನೂ ಎಬೆನ್ ಅಪ್ಟನ್ ಮತ್ತು ಅವರ ಸಹೋದ್ಯೋಗಿಗಳು ಗಮನಿಸಿದರು. 1981ರಲ್ಲಿ ಅಲ್ಲಿಯ ಏಕಾರ್ನ್ ಕಂಪನಿ ತಯಾರಿಸಿದ ‘ಬಿ.ಬಿ.ಸಿ. ಮೈಕ್ರೋ’ ಕಂಪ್ಯೂಟರಿನಲ್ಲಿ ಹಿಂದಿನ ತಲೆಮಾರಿನ ಮಕ್ಕಳು ತಾವೇ ಆದೇಶ ಬರೆದು ಕಲಿತಿದ್ದರು. ಅಂಥ ಯಂತ್ರ ಮತ್ತೆ ಮಕ್ಕಳ ಕೈಗೆ ಬರಲೆಂದು 2009ರಲ್ಲಿ ಒಂದು ದತ್ತಿ ಸಂಸ್ಥೆ ಸ್ಥಾಪನೆಯಾಯಿತು. 2012ರ ಫೆಬ್ರವರಿ 29ರಂದು ರಾಸ್ಪ್‌ಬೆರಿ ಪೈ ಮಾರಾಟಕ್ಕೆ ಬಂದಿತು. ಬೆಲೆ 35 ಡಾಲರ್, ಆಗಿನ ವಿನಿಮಯ ದರದಲ್ಲಿ ಸುಮಾರು 1,700 ರೂಪಾಯಿ.

ಆ ಬಿ.ಬಿ.ಸಿ. ಮೈಕ್ರೋ ನಮ್ಮ ದೇಶಕ್ಕೂ ಬಂದಿತ್ತು. 1984ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ‘ಕ್ಲಾಸ್’ ಯೋಜನೆಯಲ್ಲಿ ಪ್ರೌಢಶಾಲೆಗಳಿಗೆ ಕೊಟ್ಟದ್ದು ಅದೇ ಯಂತ್ರ.

ಹಿಂದಿನ ಪ್ರಯತ್ನಗಳ ಪಾಠ

ಅಗ್ಗದ ಕಂಪ್ಯೂಟರಿನ ಪ್ರಯತ್ನ ನಮ್ಮ ರಾಜ್ಯದಲ್ಲೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ‘ಸಿಂಪ್ಯೂಟರ್’ ಎಂಬ ಅಂಗೈ ಕಂಪ್ಯೂಟರನ್ನು ಪರಿಚಯಿಸಿದರು. ಒಂದು ಯಂತ್ರವನ್ನು ಊರಿನ ಹಲವರು ತಮ್ಮ ತಮ್ಮ ಸ್ಮಾರ್ಟ್ ಕಾರ್ಡ್ ಹಾಕಿ ಬಳಸಲಿ ಎಂಬುದು ಅದರ ಹಿಂದಿನ ಆಲೋಚನೆ. ಆಲೋಚನೆ ಒಳ್ಳೆಯದೇ ಆಗಿದ್ದರೂ ಎಣಿಸಿದಷ್ಟು ಯಂತ್ರಗಳು ಖರ್ಚಾಗಲಿಲ್ಲ.

ದಕ್ಷಿಣ ಅಮೆರಿಕದ ಪೆರು ದೇಶವು ‘ಮಗುವಿಗೊಂದು ಲ್ಯಾಪ್‌ಟಾಪ್’ ಯೋಜನೆಯಡಿ ಲಕ್ಷಾಂತರ ಅಗ್ಗದ ಲ್ಯಾಪ್‌ಟಾಪ್‌ಗಳನ್ನು ಹಂಚಿತು. ಅಲ್ಲಿಯ 319 ಗ್ರಾಮೀಣ ಶಾಲೆಗಳಲ್ಲಿ ನಡೆದು 2012ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಮಕ್ಕಳ ಗಣಿತ ಮತ್ತು ಭಾಷಾ ಪರೀಕ್ಷೆಯ ಅಂಕಗಳಲ್ಲಿ ಹೇಳಿಕೊಳ್ಳುವಂಥ ಏರಿಕೆ ಕಾಣಲಿಲ್ಲ. ಯಂತ್ರ ಕೊಟ್ಟರೆ ಸಾಲದು, ಅದರಲ್ಲಿ ಏನು ಮಾಡಬೇಕೆಂದು ತೋರಿಸುವ ಹಿರಿಯರು ಬೇಕು ಎಂಬುದೇ ಇದರಿಂದ ನಾವು ಕಲಿಯಬೇಕಾದ ಪಾಠ.

ನಿಜವಾದ ಖರ್ಚು

ಅಡಿಕೆ ಸಸಿಯ ಬೆಲೆಯೇ ತೋಟದ ಬೆಲೆಯಲ್ಲ. ಗುಂಡಿ, ಗೊಬ್ಬರ, ನೀರು, ವರ್ಷಗಳ ಆರೈಕೆ ಎಲ್ಲವೂ ಸೇರಬೇಕು. ಇಲ್ಲಿಯೂ ಹಾಗೆಯೇ. ಹಲಗೆಯ ಜೊತೆಗೆ ಸರಿಯಾದ ಚಾರ್ಜರ್, ಮೆಮೊರಿ ಕಾರ್ಡ್, ಡಬ್ಬಿ, ಕೀಲಿಮಣೆ, ಮೌಸ್, ಎಚ್.ಡಿ.ಎಂ.ಐ. ತಂತಿ ಇವಿಷ್ಟೂ ಬೇಕು. ಬೆಲೆಯೂ ಸ್ಥಿರವಲ್ಲ, ಮೆಮೊರಿ ಚಿಪ್‌ಗಳು ದುಬಾರಿಯಾದ್ದರಿಂದ 2025ರ ಕೊನೆಯಲ್ಲಿ ಹಲವು ಮಾದರಿಗಳ ಬೆಲೆ ಏರಿತು. ಆದ್ದರಿಂದ ಎಲ್ಲವನ್ನೂ ಪಟ್ಟಿ ಮಾಡಿ, ಒಟ್ಟು ಮೊತ್ತ ಕೂಡಿಸಿ, ಅನಂತರ ನಿರ್ಧರಿಸಬೇಕು.

ಮನೆಯಲ್ಲಿ ತಕ್ಕ ಟಿ.ವಿ. ಇಲ್ಲದಿದ್ದರೆ ಬೇರೆ ಪರದೆಯನ್ನೂ ಕೊಳ್ಳಬೇಕಾಗುತ್ತದೆ. ಅಂಥವರಿಗೆ ಸುಸ್ಥಿತಿಯಲ್ಲಿರುವ ಹಳೆಯ ಲ್ಯಾಪ್‌ಟಾಪ್ ಹೆಚ್ಚು ಲಾಭಕರವಾಗಬಹುದು. ಟ್ಯಾಲಿಯಂಥ ವಿಂಡೋಸ್ ತಂತ್ರಾಂಶ ಬೇಕೆನ್ನುವವರಿಗೂ ಈ ಪುಟ್ಟ ಯಂತ್ರ ಹೊಂದುವುದಿಲ್ಲ.

ಕರೆಂಟು, ಮಳೆ, ಸಿಡಿಲು

ಈ ಯಂತ್ರದ ದೊಡ್ಡ ಗುಣವೆಂದರೆ ಮಿತವಾದ ವಿದ್ಯುತ್ ಬಳಕೆ. ‘ಪೈ 4’ ಮಾದರಿಗೆ ಕೆಲಸದ ಹೊತ್ತಿನಲ್ಲಿ 6-7 ವ್ಯಾಟ್ ಸಾಕು. ಸಣ್ಣ ಪರದೆಯೂ ಸೇರಿ 30 ವ್ಯಾಟ್ ಎಂದಿಟ್ಟುಕೊಂಡರೆ, ದಿನಕ್ಕೆ 4 ಗಂಟೆಯಂತೆ ತಿಂಗಳಿಗೆ ಸುಮಾರು ಮೂರೂವರೆ ಯೂನಿಟ್. ಮನೆಯ ಇನ್ವರ್ಟರ್ ಇದನ್ನು ಸುಲಭವಾಗಿ ತಾಳಿಕೊಳ್ಳುತ್ತದೆ.

ಕೆಳಗಿನ ಎಚ್ಚರಿಕೆಗಳನ್ನು ಮರೆಯಬಾರದು:

1. ಕೆಲಸ ಮುಗಿದ ಮೇಲೆ ಯಂತ್ರವನ್ನು ಕ್ರಮವಾಗಿ ನಿಲ್ಲಿಸಿಯೇ ಸ್ವಿಚ್ ತೆಗೆಯಬೇಕು. ನಡುವೆ ಕರೆಂಟು ಹೋದರೆ ಕಾರ್ಡಿನಲ್ಲಿರುವುದು ಕೆಡುವ ಸಂಭವವಿದೆ. ಮುಖ್ಯ ಕಡತಗಳ ಇನ್ನೊಂದು ಪ್ರತಿಯನ್ನು ಪೆನ್ ಡ್ರೈವಿನಲ್ಲಿ ಇಡುವುದು ಕ್ಷೇಮ.

2. ಗುಡುಗು ಕೇಳಿದೊಡನೆ, ಮುಖ್ಯವಾಗಿ ಏಪ್ರಿಲ್-ಮೇ ತಿಂಗಳ ಮಳೆಯಲ್ಲಿ, ಯಂತ್ರ ಮತ್ತು ಟಿ.ವಿ. ಎರಡರ ಪ್ಲಗ್ಗನ್ನೂ ಕೀಳಬೇಕು. ಇಂಟರ್‌ನೆಟ್ ತಂತಿ ಜೋಡಿಸಿದ್ದರೆ ಅದನ್ನೂ ತೆಗೆದಿಡಬೇಕು.

3. ಮಳೆಗಾಲದಲ್ಲಿ ಬಳಸದೆ ಇಡುವಾಗ ಗಾಳಿಯಾಡದ ಡಬ್ಬಿಯಲ್ಲಿ ಇಟ್ಟರೆ ತೇವ ತಾಗುವುದಿಲ್ಲ.

ಏನು ಮಾಡಿಸಬೇಕು?

ಮೊದಲ ಪಾಠಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಅನೇಕ ಮನೆಗಳಲ್ಲಿ ಮಳೆಯ ಲೆಕ್ಕ ಬರೆದಿಟ್ಟ ಪುಸ್ತಕಗಳಿವೆ. ಆ ಅಂಕಿಗಳನ್ನು ಮಕ್ಕಳಿಂದ ‘ಲಿಬ್ರೆ ಆಫೀಸ್’ ಎಂಬ ಉಚಿತ ತಂತ್ರಾಂಶಕ್ಕೆ ತುಂಬಿಸಿ ನಕ್ಷೆ ಬರೆಯಿಸಬಹುದು. ಹೂಮಳೆ ಯಾವ ವರ್ಷ ತಡವಾಯಿತು, ಕೊಳೆರೋಗ ಹೆಚ್ಚಿದ ವರ್ಷ ಮಳೆ ಹೇಗಿತ್ತು ಎಂಬುದನ್ನು ಮಕ್ಕಳೇ ಕಂಡುಕೊಳ್ಳುತ್ತಾರೆ. ಆಳುಗಳ ಹಾಜರಿ, ಗೊಬ್ಬರದ ಖರ್ಚುಗಳನ್ನೂ ಇದೇ ರೀತಿ ಬರೆಯಿಸಬಹುದು. ಪ್ರೌಢಶಾಲೆಯ ಮಕ್ಕಳು ಹಲಗೆಯ ಅಂಚಿನ ಸೂಜಿಗಳಿಗೆ ಉಷ್ಣತೆ ಮತ್ತು ತೇವಾಂಶ ಅಳೆಯುವ ಸಾಧನ ಜೋಡಿಸಿ, ‘ಪೈಥಾನ್’ ಭಾಷೆಯಲ್ಲಿ ಆದೇಶ ಬರೆದು, ಕಾಫಿ ಗೋದಾಮಿನ ತೇವವನ್ನು ಗಂಟೆಗೊಮ್ಮೆ ದಾಖಲಿಸಬಲ್ಲರು.

ಇಂಟರ್‌ನೆಟ್ ಇಲ್ಲದ ಊರಿನವರು ನಿರಾಶರಾಗಬೇಕಿಲ್ಲ. ‘ಕಿವಿಕ್ಸ್’ ಎಂಬ ಉಚಿತ ತಂತ್ರಾಂಶದ ಮೂಲಕ ಕನ್ನಡ ವಿಕಿಪೀಡಿಯವನ್ನು ಪೇಟೆಯಲ್ಲಿ ಒಮ್ಮೆ ಇಳಿಸಿಕೊಂಡು ತಂದರೆ, ಸಿಗ್ನಲ್ ಇಲ್ಲದೆಯೇ ಓದಬಹುದು. ಒಂದು ಯಂತ್ರವನ್ನು ಶಾಲೆಯಲ್ಲಿಟ್ಟು ವೈಫೈ ಮೂಲಕ ಅಲ್ಲಿರುವ ಫೋನುಗಳಿಗೂ ಅದನ್ನು ಒದಗಿಸಬಹುದು. ನಾಲ್ಕಾರು ಮನೆಯವರು ಕೂಡಿ ಒಂದನ್ನು ಕೊಂಡು ಭಾನುವಾರ ಮಕ್ಕಳನ್ನು ಒಟ್ಟಿಗೆ ಕೂರಿಸಿದರೆ ಖರ್ಚೂ ಹಂಚಿಹೋಗುತ್ತದೆ, ಒಬ್ಬರಿಗೆ ತಿಳಿದದ್ದು ಇನ್ನೊಬ್ಬರಿಗೂ ತಿಳಿಯುತ್ತದೆ. ಕೂಡಿ ಬಾಳುವ ಸಹಕಾರ ತತ್ವ ನಮಗೆ ಹೊಸದೇನಲ್ಲವಷ್ಟೆ.

ಯಂತ್ರ ಕೊಂಡ ಮೊದಲ ಮೂರು ತಿಂಗಳು ವಾರಕ್ಕೆ ಎರಡು ಸಂಜೆ ಮಕ್ಕಳ ಪಕ್ಕದಲ್ಲಿ ಕೂರುವವರು ಮನೆಯಲ್ಲಿ ಯಾರು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಿ. ಆಮೇಲೆ ಅಂಗಡಿಗೆ ಹೋಗಿ ಬೆಲೆ ವಿಚಾರಿಸಿ.