ಬಾವಿಯ ಮೇಲಿನ ಹಳೆಯ ಎಂಜಿನು: ಅದರ ಕುಲ ಯಾವುದು, ವಯಸ್ಸೆಷ್ಟು?

ನಿಮ್ಮ ಹೊಲದ ಬಾವಿಯ ದಂಡೆಯಲ್ಲೋ, ಮುಚ್ಚಿಹೋದ ಹಿಟ್ಟಿನ ಗಿರಣಿಯ ಮೂಲೆಯಲ್ಲೋ ಹಳೆಯ ಎಣ್ಣೆ ಎಂಜಿನೊಂದು ತುಕ್ಕು ಹಿಡಿದು ನಿಂತಿರಬಹುದು. ವಿದ್ಯುತ್ ಪಂಪು ಬಂದ ಮೇಲೆ ಅದನ್ನು ಯಾರೂ ಮುಟ್ಟಿರುವುದಿಲ್ಲ. ಒಂದು ದಿನ ಮೋಡಕಾ ಕೊಳ್ಳುವವನು ಬಂದು ತೂಕದ ಲೆಕ್ಕದಲ್ಲಿ ಬೆಲೆ ಹೇಳುತ್ತಾನೆ. “ಇದು ವಿಲಾಯತಿ ಎಂಜಿನು, ನಿಜಾಮರ ಕಾಲದ್ದು” ಎನ್ನುತ್ತಾರೆ ಮನೆಯ ಹಿರಿಯರು. ಕಿರಿಯರು ನಗುತ್ತಾರೆ. ಯಾರ ಮಾತು ಸರಿ? ಮಾರುವ ಮೊದಲೇ ಇದನ್ನು ತಿಳಿದುಕೊಳ್ಳುವುದು ಒಳ್ಳೆಯದು. ಕುಲುಮೆಗೆ ಹೋದ ಕಬ್ಬಿಣ ಮತ್ತೆ ಸಾಕ್ಷಿ ಹೇಳುವುದಿಲ್ಲ.

ಕುಕನೂರಿನ ನವಲಿಂಗ ಗುಡಿಗಳನ್ನು ನೀವು ನೋಡಿರಬಹುದು. ಅವು ರಾಷ್ಟ್ರಕೂಟರ ಕಾಲದವು, ಅಲ್ಲಿಯ ಕಲ್ಲೇಶ್ವರ ಗುಡಿ ಅದಕ್ಕಿಂತ ಈಚಿನದು ಎಂದು ಬಲ್ಲವರು ಹೇಳುತ್ತಾರೆ. ಗುಡಿಯ ಕಾಲವನ್ನು ಗುರುತಿಸುವವರು ಶಾಸನವಿದ್ದರೆ ಅದನ್ನು ಓದುತ್ತಾರೆ. ಅದರ ಜೊತೆಗೆ ಕಂಬ, ಬೋದಿಗೆ, ಶಿಖರಗಳ ರೀತಿಯನ್ನು ನೋಡುತ್ತಾರೆ. ಎಂಜಿನಿಗೂ ಇದೇ ಕ್ರಮ. ಅದರ ಮೈಗೆ ಹೊಡೆದ ಹಿತ್ತಾಳೆಯ ಪಟ್ಟಿಯೇ ಶಾಸನ, ಮೈಕಟ್ಟೇ ಶೈಲಿ.

ಮೊದಲು ಮೈಕಟ್ಟನ್ನು ನೋಡಿರಿ. ಕಿಡಿಬತ್ತಿ, ಅಂದರೆ ಸ್ಪಾರ್ಕ್ ಪ್ಲಗ್ಗು, ಮತ್ತು ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇದ್ದರೆ ಅದು ಪೆಟ್ರೋಲು ಇಲ್ಲವೆ ಸೀಮೆಎಣ್ಣೆಯ ಎಂಜಿನು. ತಲೆಯ ಭಾಗದಲ್ಲಿ ಬುರುಡೆಯಂಥ ಗಡ್ಡೆಯಿದ್ದು, ಅದನ್ನು ದೀಪದ ಜ್ವಾಲೆಯಿಂದ ಕೆಂಪಗೆ ಕಾಯಿಸಿ ಚಾಲೂ ಮಾಡುತ್ತಿದ್ದರೆಂದು ಹಿರಿಯರು ಹೇಳಿದರೆ ಅದು ‘ಹಾಟ್ ಬಲ್ಬ್’ ಜಾತಿ. ಇಂಗ್ಲೆಂಡಿನ ಹಾರ್ನ್ಸ್‌ಬಿ ಕಾರ್ಖಾನೆ 1892ರಿಂದ ಇಂಥವನ್ನು ಮಾಡತೊಡಗಿತು. ಕಿಡಿಯೂ ಇಲ್ಲದೆ, ಕಾಯಿಸುವ ಗಡ್ಡೆಯೂ ಇಲ್ಲದೆ, ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳುವುದಾದರೆ ಅದು ಡೀಸೆಲ್. ಜರ್ಮನಿಯ ರುಡಾಲ್ಫ್ ಡೀಸೆಲ್ 1897ರಲ್ಲಿ ಇದನ್ನು ನಡೆಸಿ ತೋರಿಸಿದನು. ನಮ್ಮ ರೈತರು ‘ಕ್ರೂಡಾಯಿಲ್ ಎಂಜಿನು’ ಎಂದು ಕರೆದದ್ದು ಬಹುಮಟ್ಟಿಗೆ ಇದನ್ನೇ.

ಒಂದೇ ನೆಟ್ಟಗಿನ ಸಿಲಿಂಡರು, ಎರಡು ಪಕ್ಕದಲ್ಲೂ ಅರಗಳುಳ್ಳ ಭಾರವಾದ ಚಕ್ರಗಳು, ನಿಧಾನವಾದ ‘ಟುಕ್ ಟುಕ್’ ಸದ್ದು: ಇದು ಲಿಸ್ಟರ್ ಮಾದರಿ. ಇಂಗ್ಲೆಂಡಿನ ಡರ್ಸ್ಲಿಯ ಲಿಸ್ಟರ್ ಕಂಪನಿ 1930ರ ಸುಮಾರಿಗೆ ಈ ‘ಸಿ.ಎಸ್.’ ಎಂಜಿನನ್ನು ಹೊರತಂದಿತು. ಸಿ.ಎಸ್. ಎಂದರೆ ‘ಕೋಲ್ಡ್ ಸ್ಟಾರ್ಟ್’. ಕಾಯಿಸದೆಯೇ ಚಾಲೂ ಆಗುವುದೆಂದು ಅರ್ಥ. ಅದರ ಐದು ಅಶ್ವಶಕ್ತಿಯ ಎಂಜಿನು ನಿಮಿಷಕ್ಕೆ 600 ಸುತ್ತು ಮಾತ್ರ ತಿರುಗುತ್ತಿತ್ತು. ಆದುದರಿಂದಲೇ ಅದರ ಬಾಳಿಕೆ ದೊಡ್ಡದು.

ಆದರೆ ಮೈಕಟ್ಟನ್ನು ನೋಡಿಯೇ ‘ವಿಲಾಯತಿ’ ಎಂದು ನಿರ್ಧರಿಸಬೇಡಿರಿ. ಗುಜರಾತಿನ ರಾಜಕೋಟದಲ್ಲಿ ಅನೇಕ ಕಾರ್ಖಾನೆಗಳು ಇದೇ ಮಾದರಿಯನ್ನು ಎರಕ ಹೊಯ್ದು ಮಾರಿದವು. ಪುಣೆಯಲ್ಲಿ 1946ರಲ್ಲಿ ಕಿರ್ಲೋಸ್ಕರ್ ಆಯಿಲ್ ಎಂಜಿನ್ಸ್ ಸ್ಥಾಪನೆಯಾಯಿತು. ಈ ಮನೆತನದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಉದ್ಯಮ ಆರಂಭಿಸಿದ್ದು ನಮ್ಮ ಬೆಳಗಾವಿಯ ಸೈಕಲ್ ಅಂಗಡಿಯಲ್ಲಿ. ಆದುದರಿಂದ ಪಟ್ಟಿಯನ್ನು ಓದದೆ ಗತ್ಯಂತರವಿಲ್ಲ.

ಪಟ್ಟಿಯನ್ನು ತಂತಿಯ ಬ್ರಷ್ಷಿನಿಂದ ತಿಕ್ಕಬಾರದು, ಅಕ್ಷರಗಳು ಅಳಿಸಿಹೋಗುತ್ತವೆ. ಮೆತ್ತನೆಯ ಬಟ್ಟೆಗೆ ಸ್ವಲ್ಪ ಸೀಮೆಎಣ್ಣೆ ಹಚ್ಚಿ ಒರಸಿರಿ. ಒಣಗಿದ ಮೇಲೆ ಸೀಮೆಸುಣ್ಣದ ಪುಡಿ ಸವರಿದರೆ ತಗ್ಗಿನಲ್ಲಿರುವ ಅಂಕಿಗಳು ಬೆಳ್ಳಗೆ ಕಾಣುತ್ತವೆ.

ಪಟ್ಟಿಯ ಮೇಲೆ ಇಸವಿ ಇರುವುದು ಅಪರೂಪ. ಆದರೆ ವಿಳಾಸವೇ ಇಸವಿಯನ್ನು ಹೇಳಬಲ್ಲದು. ಕುಕನೂರು, ಕೊಪ್ಪಳಗಳು 1948ರ ಸೆಪ್ಟೆಂಬರಿನವರೆಗೆ ನಿಜಾಮರ ಆಳಿಕೆಯಲ್ಲಿದ್ದವು. ಅನಂತರ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿಯೇ ಉಳಿದವು. ಹತ್ತಿರದ ಗದಗ, ಹುಬ್ಬಳ್ಳಿಗಳು ಆಗ ಮುಂಬಯಿ ಆಡಳಿತಕ್ಕೆ ಸೇರಿದ್ದವು. 1956ರ ನವೆಂಬರ್ 1ರಂದು ಎಲ್ಲವೂ ಮೈಸೂರು ರಾಜ್ಯಕ್ಕೆ ಬಂದವು. 1973ರ ನವೆಂಬರ್ 1ರಂದು ಆ ರಾಜ್ಯಕ್ಕೆ ಕರ್ನಾಟಕವೆಂಬ ಹೆಸರಾಯಿತು. ಹೀಗಾಗಿ ಹುಬ್ಬಳ್ಳಿಯ ಏಜೆಂಟರ ಪಟ್ಟಿಯಲ್ಲಿ ‘ಮೈಸೂರ್ ಸ್ಟೇಟ್’ ಎಂದಿದ್ದರೆ ಅದು ಈ ಹದಿನೇಳು ವರ್ಷಗಳ ನಡುವಿನದು.

ಇನ್ನೂ ಮೂರು ಗುರುತುಗಳಿವೆ. ಕಂಪನಿಯ ಹೆಸರಿನಲ್ಲಿ ‘ಪ್ರೈವೇಟ್ ಲಿಮಿಟೆಡ್’ ಎಂದಿದ್ದರೆ 1956ರ ಕಂಪನಿ ಕಾಯಿದೆಯ ನಂತರದ್ದು. ಆರಂಕಿಯ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು; ‘ಬಾಂಬೆ-1’ ಎಂಬಂಥ ಒಂಟಿ ಅಂಕಿ ಅದಕ್ಕೆ ಮೊದಲಿನ ರೂಢಿ. ಐ.ಎಸ್.ಐ. ಮುದ್ರೆಯಿದ್ದರೆ 1955ಕ್ಕಿಂತ ಹಳೆಯದಲ್ಲ.

ಬಿಡಿಭಾಗಗಳ ವಿಷಯದಲ್ಲಿ ಮಾತ್ರ ಎಚ್ಚರಿಕೆ ಬೇಕು. ಎಣ್ಣೆಯ ಪಂಪಿನ ಮೇಲೆ ‘ಮೈಕೊ’ ಎಂದಿದೆಯೆನ್ನಿರಿ. ಬೆಂಗಳೂರಿನ ಮೈಕೊ ಕಂಪನಿ ಹುಟ್ಟಿದ್ದು 1951ರಲ್ಲಿ. ಆದುದರಿಂದ ಪಂಪು ಅದಕ್ಕಿಂತ ಈಚಿನದು. ಆದರೆ ಎಂಜಿನು? ಮೊದಲಿನ ಪಂಪು ಸವೆದು ಹೋಗಿ ಹೊಸದನ್ನು ಕೂಡಿಸಿರಬಹುದು. ಹಳೆಯ ಗುಡಿಗೆ ಹೊಸ ಬಾಗಿಲು ಇಟ್ಟಂತೆ ಇದು. ಸುಲಭವಾಗಿ ಬದಲಾಗುವ ಪಂಪು, ಟಾಕಿಗಳಿಗಿಂತ ಬುಡದ ಎರಕವನ್ನೂ ಚಕ್ರವನ್ನೂ ಹೆಚ್ಚು ನಂಬಿರಿ. ಬುಡದ ಮೂಲ ಬೋಲ್ಟುಗಳಿಗೆ ಇಂಚಿನ ಪಾನಾ ಸರಿಯಾಗಿ ಕೂರುತ್ತದೆಯೋ, ಮಿಲಿಮೀಟರಿನದೋ ಎಂಬುದನ್ನೂ ನೋಡಿರಿ. ಹಳೆಯ ಇಂಗ್ಲಿಷ್ ಎಂಜಿನುಗಳಲ್ಲಿ ಇಂಚಿನ ಅಳತೆಯ ವಿಟ್‌ವರ್ತ್ ಮರೆಗಳೇ ಇರುತ್ತಿದ್ದವು.

ಈಗ ಒಂದು ಲೆಕ್ಕ ಮಾಡೋಣ. ಎಂಜಿನು ಲಿಸ್ಟರ್ ಆಕಾರದ್ದು. ಪಟ್ಟಿಯಲ್ಲಿ ರಾಜಕೋಟದ ಹೆಸರು, ‘ಪ್ರೈವೇಟ್ ಲಿಮಿಟೆಡ್’ ಎಂಬ ಮಾತು. ಪಿನ್ ಕೋಡ್ ಇಲ್ಲ. ಹಾಗಾದರೆ ಅದು 1956ರ ಈಚಿನದು ನಿಶ್ಚಯ. 1972ಕ್ಕೆ ಮೊದಲಿನದು ಎಂಬುದು ಬಲವಾದ ಊಹೆ. ಹಳೆಯ ಪಟ್ಟಿಗಳನ್ನೇ ಕೆಲವು ಕಾಲ ಬಳಸಿರಬಹುದಾದ್ದರಿಂದ ಊಹೆ ಎಂದೇ ಹೇಳಬೇಕು. ಹಿರಿಯರ ‘ನಿಜಾಮರ ಕಾಲ’ ಇಲ್ಲಿ ನಿಲ್ಲಲಿಲ್ಲ. ಆದರೆ ಅವರು ಸುಳ್ಳಾಡಿದರೆಂದಲ್ಲ. ಅದಕ್ಕೆ ಮೊದಲು ಅದೇ ಬಾವಿಯ ಮೇಲೆ ಬೇರೊಂದು ಎಂಜಿನು ಇದ್ದಿರಬಹುದು. ಕೇಳಿ ನೋಡಿರಿ.

ಕೊನೆಗೆ ಒಂದು ಮಾತು. ಬಹುಕಾಲ ನಿಂತ ಎಂಜಿನನ್ನು ಕುತೂಹಲಕ್ಕಾಗಿ ತಿರುಗಿಸಲು ಹೋಗಬೇಡಿರಿ. ಆ ಚಕ್ರಗಳ ಭಾರ ಕೈ ಮುರಿಯಬಲ್ಲದು. ಬಲ್ಲ ಮೇಸ್ತ್ರಿಯನ್ನು ಕರೆಯಿರಿ. ಪಟ್ಟಿಯಲ್ಲಿದ್ದುದನ್ನೂ, ಎಂಜಿನನ್ನು ಯಾರು, ಎಲ್ಲಿಂದ, ಯಾವ ಬೆಳೆಯ ಹಣದಿಂದ ತಂದರೆಂಬುದನ್ನೂ ಒಂದು ಹಾಳೆಯಲ್ಲಿ ಬರೆದಿಡಿರಿ. ಆಮೇಲೆ ಇಟ್ಟುಕೊಳ್ಳುವುದೋ ಮಾರುವುದೋ ನಿಮಗೆ ಬಿಟ್ಟದ್ದು. ಮಾರಿದರೂ ಏನನ್ನು ಮಾರಿದೆವೆಂಬುದು ತಿಳಿದಿರುತ್ತದೆ.