ರೀಡ್ ದ ರಯಟ್ ಆಕ್ಟ್ (ನುಡಿಗಟ್ಟು)

‘ರೀಡ್ ದ ರಯಟ್ ಆಕ್ಟ್’ ಎಂಬುದು ಇಂಗ್ಲಿಷ್ ಭಾಷೆಯ ಒಂದು ನುಡಿಗಟ್ಟು. ‘ಗಲಭೆ ಕಾಯಿದೆಯನ್ನು ಓದಿ ಹೇಳುವುದು’ ಎಂಬುದು ಇದರ ಪದಶಃ ಅರ್ಥ. ಅನುಚಿತವಾಗಿ ವರ್ತಿಸುವವರಿಗೆ ಕಟುವಾದ ಎಚ್ಚರಿಕೆ ನೀಡುವುದನ್ನು ಇದು ಸೂಚಿಸುತ್ತದೆ. ಬ್ರಿಟನ್ನಿನಲ್ಲಿ 1715ರಲ್ಲಿ ಜಾರಿಗೆ ಬಂದ ಕಾನೂನೊಂದು ಈ ನುಡಿಗಟ್ಟಿನ ಮೂಲ.

ಅರ್ಥ ಮತ್ತು ಪ್ರಯೋಗ

ಗದ್ದಲ ಮಾಡುವ ಮಕ್ಕಳನ್ನು ತಾಯಿತಂದೆಯರು, ಶಿಸ್ತು ತಪ್ಪಿದ ನೌಕರರನ್ನು ಮೇಲಧಿಕಾರಿಗಳು ಗದರಿಸುವ ಸಂದರ್ಭಗಳಲ್ಲಿ ಇದು ಬಳಕೆಯಾಗುತ್ತದೆ. ಕನ್ನಡದ ‘ತರಾಟೆಗೆ ತೆಗೆದುಕೊಳ್ಳು’ ಎಂಬ ಪ್ರಯೋಗ ಇದಕ್ಕೆ ಹತ್ತಿರವಾದರೂ ಎರಡೂ ಒಂದೇ ಅಲ್ಲ. ತರಾಟೆ ಮುಖ್ಯವಾಗಿ ನಡೆದುಹೋದ ತಪ್ಪಿಗೆ ಸಂಬಂಧಿಸಿದ್ದು. ಇಂಗ್ಲಿಷ್ ನುಡಿಗಟ್ಟಿನಲ್ಲಿ ‘ಇಲ್ಲಿಗೇ ನಿಲ್ಲಿಸದಿದ್ದರೆ ಶಿಕ್ಷೆ ತಪ್ಪದು’ ಎಂಬ ಮುನ್ನೆಚ್ಚರಿಕೆಯೂ ಸೇರಿದೆ. ಈ ಛಾಯೆ ಮೂಲ ಕಾನೂನಿನಿಂದಲೇ ಬಂದುದು.

ಐತಿಹಾಸಿಕ ಹಿನ್ನೆಲೆ

1714ರಲ್ಲಿ ಒಂದನೆಯ ಜಾರ್ಜ್ ಬ್ರಿಟನ್ನಿನ ಸಿಂಹಾಸನವನ್ನೇರಿದನು. ಪದಚ್ಯುತ ಸ್ಟುವರ್ಟ್ ರಾಜವಂಶದ ಬೆಂಬಲಿಗರಾದ ಜಾಕೊಬೈಟರು ಅವನನ್ನು ಒಪ್ಪಲಿಲ್ಲ. ಹಲವು ಪಟ್ಟಣಗಳಲ್ಲಿ ಗಲಭೆಗಳಾದವು. ಆಂಗ್ಲಿಕನ್ ಚರ್ಚಿಗೆ ಸೇರದ ಪ್ರೊಟೆಸ್ಟೆಂಟರ ಪ್ರಾರ್ಥನಾಮಂದಿರಗಳ ಮೇಲೆ ದಾಳಿ ನಡೆಯಿತು. ಇವನ್ನು ಹತ್ತಿಕ್ಕಲು ಸಂಸತ್ತು ರೂಪಿಸಿದ ಗಲಭೆ ಕಾಯಿದೆಯು 1715ರ ಆಗಸ್ಟ್ 1ರಂದು ಜಾರಿಗೆ ಬಂದಿತು.

ಕಾಯಿದೆಯ ವಿಧಿಗಳು

ಹನ್ನೆರಡು ಅಥವಾ ಹೆಚ್ಚು ಮಂದಿ ಕಾನೂನುಬಾಹಿರವಾಗಿ ಗುಂಪುಗೂಡಿ ದೊಂಬಿಯೆಬ್ಬಿಸಿದಾಗ ಮ್ಯಾಜಿಸ್ಟ್ರೇಟ್, ಮೇಯರ್ ಮೊದಲಾದ ಅಧಿಕಾರಿಗಳು ಸ್ಥಳಕ್ಕೆ ಹೋಗಿ, ಗಟ್ಟಿಯಾದ ಧ್ವನಿಯಲ್ಲಿ ರಾಜನ ಹೆಸರಿನ ಘೋಷಣೆಯೊಂದನ್ನು ಓದಬೇಕಿತ್ತು. ನೆರೆದವರೆಲ್ಲರೂ ಶಾಂತಿಯಿಂದ ಚದುರಿ ತಮ್ಮ ಮನೆಗಳಿಗೋ ಕೆಲಸಗಳಿಗೋ ತೆರಳಬೇಕೆಂಬುದು ಅದರ ಸಾರಾಂಶ. ಓದಿದ್ದು ಇಡೀ ಕಾಯಿದೆಯನ್ನಲ್ಲ, ಈ ಕಿರು ಘೋಷಣೆಯನ್ನು ಮಾತ್ರ.

ಘೋಷಣೆಯಾದ ಒಂದು ಗಂಟೆಯ ನಂತರವೂ ಹನ್ನೆರಡು ಮಂದಿ ಅಲ್ಲಿಯೇ ಉಳಿದರೆ ಅದು ಮರಣದಂಡನೆಗೆ ಅರ್ಹವಾದ ಅಪರಾಧವಾಗುತ್ತಿತ್ತು. ಗುಂಪನ್ನು ಚದುರಿಸುವಾಗ ಯಾರಾದರೂ ಸತ್ತರೆ ಅಥವಾ ಗಾಯಗೊಂಡರೆ ಅಧಿಕಾರಿಗಳಿಗೂ ಅವರ ನೆರವಿಗೆ ಬಂದವರಿಗೂ ಕಾನೂನಿನ ರಕ್ಷಣೆಯಿತ್ತು. ಹೀಗಾಗಿ ಕೆಲವೇ ವಾಕ್ಯಗಳ ಆ ಓದು ಜನರ ಪಾಲಿಗೆ ಜೀವನ್ಮರಣದ ಪ್ರಶ್ನೆಯಾಗಿತ್ತು.

ಅನುಷ್ಠಾನದ ತೊಡಕುಗಳು

ಘೋಷಣೆಯನ್ನು ನಿಗದಿತ ಪದಗಳಲ್ಲಿಯೇ ಓದಬೇಕಿತ್ತು. ಕೊನೆಯ ‘ದೇವರು ರಾಜನನ್ನು ಕಾಪಾಡಲಿ’ ಎಂಬ ಮಾತನ್ನು ಬಿಟ್ಟಿದ್ದರಿಂದ ಘೋಷಣೆಯೇ ಅಸಿಂಧುವೆಂದು 1830ರ ಮೊಕದ್ದಮೆಯೊಂದರಲ್ಲಿ ತೀರ್ಮಾನವಾಯಿತು. ಇನ್ನೊಂದು ತೊಡಕು, ಗದ್ದಲದ ನಡುವೆ ಓದು ಜನರಿಗೆ ಕೇಳಿಸುತ್ತಿತ್ತೇ ಎಂಬುದು. 1819ರ ಆಗಸ್ಟ್ 16ರಂದು ಸಂಸತ್ತಿನ ಸುಧಾರಣೆಗಾಗಿ ಮ್ಯಾಂಚೆಸ್ಟರಿನ ಸೇಂಟ್ ಪೀಟರ್ಸ್ ಮೈದಾನದಲ್ಲಿ ಸುಮಾರು 60,000 ಜನ ಸೇರಿದ್ದರು. ಘೋಷಣೆಯನ್ನು ಓದಲಾಗಿತ್ತೆಂದು ಮ್ಯಾಜಿಸ್ಟ್ರೇಟರ ಕಡೆಯವರು ಹೇಳಿದರು. ನೆರೆದಿದ್ದವರಲ್ಲಿ ಅನೇಕರು ಅದು ತಮಗೆ ಕೇಳಿಸಲೇ ಇಲ್ಲವೆಂದರು. ಅಶ್ವದಳ ನುಗ್ಗಿದ ಪರಿಣಾಮ ಹದಿನೆಂಟು ಮಂದಿ ಮೃತಪಟ್ಟರೆಂದು ಸಾಮಾನ್ಯವಾಗಿ ಗಣಿಸಲಾಗುತ್ತದೆ. ನೂರಾರು ಜನ ಗಾಯಗೊಂಡರು. ಇದು ‘ಪೀಟರ್‌ಲೂ ಹತ್ಯಾಕಾಂಡ’ವೆಂದು ಹೆಸರಾಗಿದೆ.

ರದ್ದತಿ ಮತ್ತು ನಂತರ

1837ರಲ್ಲಿ ಈ ಅಪರಾಧಕ್ಕಿದ್ದ ಮರಣದಂಡನೆಯನ್ನು ತೆಗೆದು ಗಡೀಪಾರು ಶಿಕ್ಷೆಯನ್ನು ವಿಧಿಸಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ ಕಾಯಿದೆಯ ಬಳಕೆ ವಿರಳವಾಗಿ, 1973ರ ವೇಳೆಗೆ ಅದು ಬ್ರಿಟನ್ನಿನಲ್ಲಿ ಸಂಪೂರ್ಣವಾಗಿ ರದ್ದಾಯಿತು. ಅದರ ಮಾದರಿಯ ಘೋಷಣೆ ಕೆನಡಾದ ದಂಡಸಂಹಿತೆಯಲ್ಲಿ ಇಂದಿಗೂ ಉಳಿದಿದೆ; ಅಲ್ಲಿ ಚದುರಲು ಇರುವ ಅವಧಿ ಮೂವತ್ತು ನಿಮಿಷ. ಬ್ರಿಟನ್ನಿನಲ್ಲಿ ಕಾನೂನು ಮರೆಯಾದರೂ ಅದರ ಹೆಸರು ಆಡುಮಾತಿನ ಗದರಿಕೆಯಾಗಿ ಬಳಕೆಯಲ್ಲಿದೆ.