ಹಳೆಯ ಪಿಕಪ್‌ಗೆ ಪವರ್ ಸ್ಟಿಯರಿಂಗ್: ಗಟ್ಟಿ ಹೋಸೆಲ್ಲ ಸರಿಯಾದ ಹೋಸಲ್ಲ

ಅಮೆರಿಕದಲ್ಲಿ 1967ರಿಂದ 1972ರ ಅವಧಿಯಲ್ಲಿ ತಯಾರಾದ ಷೆವ್ರೊಲೆ ಸಿ-10 ಪಿಕಪ್‌ಗಳ ಪೈಕಿ ಅನೇಕವು ಇಂದಿಗೂ ಬಳಕೆಯಲ್ಲಿವೆ. ಅಂದು ಪವರ್ ಸ್ಟಿಯರಿಂಗ್ ಹೆಚ್ಚುವರಿ ಹಣ ತೆತ್ತವರಿಗೆ ಮಾತ್ರ ದೊರೆಯುತ್ತಿದ್ದ ಸೌಲಭ್ಯ. ಆದಕಾರಣ ಇಂತಹ ವಾಹನಗಳಿಗೆ ನಂತರದ ಮಾದರಿಗಳ ಸ್ಯಾಗಿನಾ ಸ್ಟಿಯರಿಂಗ್ ಬಾಕ್ಸನ್ನೂ ಪಂಪನ್ನೂ ಅಳವಡಿಸುವ ಕೆಲಸ ಅಲ್ಲಿನ ಗ್ಯಾರೇಜುಗಳಿಗೆ ಹೊಸದಲ್ಲ. ಬಾಕ್ಸು, ಪಂಪು, ಬೆಲ್ಟು ಎಲ್ಲವೂ ಸರಿಯಾಗಿ ಕುಳಿತ ಮೇಲೆ ತೊಂದರೆ ಕೊಡುವುದು ಕೊನೆಗೆ ಉಳಿಯುವ ಎರಡು ಹೋಸುಗಳು.

ಪಂಪಿನಿಂದ ಬಾಕ್ಸಿಗೆ ಎಣ್ಣೆ ಒಯ್ಯುವ ಹೋಸಿನಲ್ಲಿ, ಸ್ಟಿಯರಿಂಗ್ ಪೂರ್ಣ ತಿರುಗಿ ನಿಂತಾಗ, ಒತ್ತಡ ಚದರ ಅಂಗುಲಕ್ಕೆ 1,000 ಪೌಂಡುಗಳನ್ನು ಮೀರುತ್ತದೆ. ಇದನ್ನು ಕೇಳಿದೊಡನೆ ಅಗೆಯುವ ಯಂತ್ರಗಳಿಗೆ ಬಳಸುವ ಉಕ್ಕಿನ ತಂತಿ ಹೆಣಿಗೆಯ ಹೈಡ್ರಾಲಿಕ್ ಹೋಸನ್ನೇ ಕತ್ತರಿಸಿ ಕ್ರಿಂಪ್ ಮಾಡಿಕೊಡುವ ಅಂಗಡಿಗಳುಂಟು. ಒತ್ತಡವನ್ನು ಅದು ಧಾರಾಳವಾಗಿ ತಾಳುತ್ತದೆ. ಸಾಮಾನ್ಯ ದರ್ಜೆಯದು ತಾಳಲಾರದ್ದು ಶಾಖವನ್ನು. ಅದರ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್. ಎಂಜಿನ್ನಿನ ಬಿಸಿ ಹೊಗೆಕೊಳವೆಯ ಪಕ್ಕದಲ್ಲಿ ಈ ಮಿತಿ ಸಾಲದು. ಸ್ಟಿಯರಿಂಗ್‌ಗೆಂದೇ ತಯಾರಾಗುವ ಎಸ್‌ಎಇ ಜೆ188 ದರ್ಜೆಯ ಹೋಸು ಇದಕ್ಕಿಂತ ಹೆಚ್ಚಿನ ಶಾಖಕ್ಕೆ ರೂಪಿತವಾಗಿದೆ. ಅದು ಒತ್ತಡಕ್ಕೆ ತುಸು ಹಿಗ್ಗಿ ಪಂಪಿನ ಮಿಡಿತವನ್ನು ನುಂಗುತ್ತದೆ. ಬಿಗಿಯಾದ ತಂತಿ ಹೋಸಿಗೆ ಈ ಗುಣ ಕಡಿಮೆ. ಗದ್ದಲ ಚಾಲಕನ ಕೈವರೆಗೂ ಬರುತ್ತದೆ, ದೂರು ಮಾತ್ರ ಪಂಪಿನ ಮೇಲೆ ಬೀಳುತ್ತದೆ.

ಎಣ್ಣೆ ಹಿಂದಿರುಗುವ ಹೋಸಿನಲ್ಲಿ ಒತ್ತಡ ಅತ್ಯಲ್ಪ, ಕ್ಲಿಪ್ಪು ಸಾಕು. ಆದರೆ ರೇಡಿಯೇಟರ್ ನೀರಿನ ಹೋಸು ಅಲ್ಲಿ ಸಲ್ಲದು. ಆ ರಬ್ಬರು ಎಣ್ಣೆ ತಗುಲಿದರೆ ಉಬ್ಬಿ ಮೆತ್ತಗಾಗುತ್ತದೆ.

ಹೆಚ್ಚು ಮೋಸವಾಗುವುದು ಫಿಟಿಂಗಿನಲ್ಲಿ. 1980ರ ಸುಮಾರಿಗೆ ಜನರಲ್ ಮೋಟಾರ್ಸ್ ಸಂಸ್ಥೆಯು ಅಂಗುಲ ಥ್ರೆಡ್ಡಿನ ಇನ್ವರ್ಟೆಡ್ ಫ್ಲೇರ್ ಬಿಟ್ಟು ಮಿಲಿಮೀಟರ್ ಥ್ರೆಡ್ಡಿನ ಒ-ರಿಂಗ್ ಫಿಟಿಂಗಿಗೆ ಬದಲಾಯಿಸಿತು. ಹಳೆಯ 5/8 ಅಂಗುಲದ ನಟ್ಟು 15.9 ಮಿ.ಮೀ.; ಹೊಸತು 16 ಮಿ.ಮೀ. ಕಣ್ಣಿಗೆ ಎರಡೂ ಒಂದೇ. ಒಂದೆರಡು ಸುತ್ತು ಸುಲಭವಾಗಿ ಹೋದರೂ ಆಶ್ಚರ್ಯವಿಲ್ಲ. ಆಮೇಲೆ ಸ್ಪ್ಯಾನರ್ ಹಾಕಿ ಬಿಗಿದವನು ಬಾಕ್ಸಿನ ಥ್ರೆಡ್ಡನ್ನೇ ಕಳೆದುಕೊಳ್ಳುತ್ತಾನೆ. ಎಣ್ಣೆ ತಡೆಯುವುದು ಒಂದರಲ್ಲಿ ಲೋಹದ ಇಳಿಜಾರು ಅಂಚು, ಇನ್ನೊಂದರಲ್ಲಿ ರಬ್ಬರಿನ ಉಂಗುರ. ಎರಡರಲ್ಲೂ ಥ್ರೆಡ್ಡಿಗೆ ಆ ಕೆಲಸವಿಲ್ಲವಾದ್ದರಿಂದ ಟೆಫ್ಲಾನ್ ಟೇಪು ಸುತ್ತುವುದು ವ್ಯರ್ಥ. ಒ-ರಿಂಗ್ ಫಿಟಿಂಗು ಬಿಗಿದ ಮೇಲೂ ಕೊಳವೆ ತುಸು ತಿರುಗಬಹುದು. ಅದು ದೋಷವಲ್ಲ.

ಕೈ ಸ್ಟಿಯರಿಂಗ್ ವಾಹನದಲ್ಲಿ ಮೊದಲು ಹೋಸೇ ಇರಲಿಲ್ಲವಾದ್ದರಿಂದ ಗ್ರಾಹಕನ ಬಳಿ ತೋರಿಸಲು ಹಳೆಯ ಮಾದರಿ ಇರುವುದಿಲ್ಲ. ಪಂಪು ಒಂದು ವರ್ಷದ್ದು, ಬಾಕ್ಸು ಇನ್ನೊಂದು ವರ್ಷದ್ದು ಆಗಿರುವುದೂ ಸಾಮಾನ್ಯ. ಎರಡೂ ಬಾಯಿಗಳನ್ನು ಥ್ರೆಡ್ ಗೇಜಿನಿಂದ ಅಳೆಯದೆ ಆರ್ಡರ್ ಸ್ವೀಕರಿಸುವುದು ತಯಾರಕನಿಗೇ ನಷ್ಟ. ಪೀಣ್ಯದಂತಹ ಕೈಗಾರಿಕಾ ಪ್ರದೇಶಗಳಲ್ಲಿ ಹೋಸು ಕ್ರಿಂಪ್ ಮಾಡುವ ಉದ್ಯಮಿಗಳಿಗೂ ಈ ಲೆಕ್ಕ ಅನ್ವಯಿಸುತ್ತದೆ.

ಹೋಸು ಒಡೆದರೆ ಸ್ಟಿಯರಿಂಗ್ ಕಳಚಿ ಹೋಗುವುದಿಲ್ಲ, ಒಮ್ಮೆಲೇ ಭಾರವಾಗುತ್ತದೆ. ತಿರುವಿನಲ್ಲಿ ಅಷ್ಟೇ ಸಾಕು ಅಪಘಾತಕ್ಕೆ. ಚಿಮ್ಮಿದ ಎಣ್ಣೆ ಬಿಸಿ ಹೊಗೆಕೊಳವೆಗೆ ತಾಗಿದರೆ ಬೆಂಕಿಯೂ ಹತ್ತಬಹುದು. ಆದ್ದರಿಂದ ಹೋಸನ್ನು ಹೊಗೆಕೊಳವೆಯಿಂದ ದೂರವಿರಿಸಿ, ಎಂಜಿನ್ ಅಲುಗಾಟಕ್ಕೆ ತುಸು ಸಡಿಲ ಬಿಟ್ಟು ಕೂರಿಸಬೇಕು. ಮುಂದಿನ ಚಕ್ರಗಳನ್ನು ಜಾಕ್ ಮೇಲೆತ್ತಿ, ಎಂಜಿನ್ ಆರಿಸಿಯೇ ಸ್ಟಿಯರಿಂಗನ್ನು ಎರಡೂ ಕಡೆಗೆ ನಿಧಾನವಾಗಿ ಹಲವು ಸಲ ತಿರುಗಿಸಿದರೆ ಗಾಳಿ ಹೊರಬೀಳುತ್ತದೆ. ಎಂಜಿನ್ ಚಾಲೂ ಮಾಡಿದ ಮೇಲೆ ಸೋರಿಕೆಯನ್ನು ರಟ್ಟಿನ ತುಂಡು ಹಿಡಿದು ಹುಡುಕಬೇಕು, ಬೆರಳಿನಿಂದಲ್ಲ. ಸೂಜಿಮೊನೆಯ ರಂಧ್ರದಿಂದ ನುಗ್ಗುವ ಎಣ್ಣೆ ಚರ್ಮವನ್ನು ಸೀಳಿ ಒಳಹೋಗಬಲ್ಲುದು.